ಹತ್ತು ಲಕ್ಷದೊಳಗಿನ ನಗದು, ಹಳೆಯ ಗ್ರಾಹಕರು, ಎಸ್‌ಟಿಆರ್: ಕೇಳಿ ಬರೆಯಬೇಕೇ, ಕೇಳದೆ ಬರೆಯಬೇಕೇ?

ಖಾತೆ-ಕಿರ್ದಿ
ಸೋಮವಾರ, ರಾತ್ರಿ 9:40

ಸಣ್ಣ ಸಹಕಾರಿ ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಹದಿನಾಲ್ಕು ವರ್ಷ ಇದ್ದೆ. ಮೂರು ತಿಂಗಳ ಹಿಂದೆ ನನ್ನನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಡಿ ‘ಪ್ರಧಾನ ಅಧಿಕಾರಿ’, ಅಂದರೆ ವಹಿವಾಟುಗಳ ವರದಿ ಸಲ್ಲಿಸುವವನು, ಎಂದು ನೇಮಿಸಿದರು. ಆ ಕುರ್ಚಿಯಲ್ಲಿದ್ದವರು ನಿವೃತ್ತರಾಗುವಾಗ ಒಂದು ಪಾಸ್‌ವರ್ಡ್, ಒಂದು ಕಡತ ಕೊಟ್ಟು ಹೋದರು. ಕಡತದ ತುಂಬ ತಿಂಗಳು ತಿಂಗಳಿನ ನಗದು ವಹಿವಾಟಿನ ವರದಿಗಳು, ಅಂದರೆ ಸಿಟಿಆರ್‌ಗಳು. ಸಂಶಯಾಸ್ಪದ ವಹಿವಾಟಿನ ವರದಿ, ಎಸ್‌ಟಿಆರ್, ಒಂದೂ ಇಲ್ಲ. ‘ನಮ್ಮಲ್ಲಿ ಸಂಶಯ ಪಡುವಂಥ ಗ್ರಾಹಕರೇ ಇಲ್ಲ’ ಎಂಬುದು ಅವರ ಹೆಮ್ಮೆಯಾಗಿತ್ತು.

ಈಗ ಒಂದು ಪ್ರಸಂಗ ಎದುರಾಗಿದೆ. ಬಹಳ ವರ್ಷಗಳಿಂದ ಚಾಲ್ತಿ ಖಾತೆ ಇಟ್ಟಿರುವ ಒಬ್ಬರ ಖಾತೆಗೆ ಒಂದೇ ತಿಂಗಳಲ್ಲಿ ಹಲವು ಸಲ ನಗದು ಬಂದಿದೆ. ಯಾವ ಚಲನ್ನೂ ಹತ್ತು ಲಕ್ಷ ಮುಟ್ಟಿಲ್ಲ. ಕಟ್ಟಲು ಬಂದವರು ಪ್ರತಿ ಸಲವೂ ಬೇರೆಯವರು. ಬಂದ ಹಣ ಖಾತೆಯಲ್ಲಿ ಒಂದು ರಾತ್ರಿಯೂ ತಂಗದೆ ಹೊರಗೆ ಹೋಗಿದೆ.

— ಇಲ್ಲಿದ್ದ ನಾಲ್ಕು ಸಾಲುಗಳನ್ನು ನಿರ್ವಾಹಕಿ ತೆಗೆದಿದ್ದಾರೆ —

ಅಧ್ಯಕ್ಷರಿಗೆ ಹೇಳಿದೆ. ‘ಅವರು ನಮ್ಮವರೇ. ಒಂದು ಫೋನ್ ಮಾಡಿ ಕೇಳಿ, ಸುಮ್ಮನೆ ಮೇಲಕ್ಕೆ ಏಕೆ ಬರೆಯುತ್ತೀರಿ?’ ಎಂದರು. ಫೋನ್ ಕೈಗೆತ್ತಿಕೊಂಡವನು ಹಾಗೇ ಇಟ್ಟೆ. ಒಂದೊಂದು ಚಲನ್ ಹತ್ತು ಲಕ್ಷದೊಳಗಿದ್ದರೆ ವರದಿಯೇ ಬೇಡವೇ? ಗ್ರಾಹಕರನ್ನು ಕೇಳಬಹುದೇ? ಬರೆದ ಮೇಲೆ ಅವರು ನಿರಪರಾಧಿ ಎಂದಾದರೆ ನನ್ನ ಗತಿ ಏನು?

ನಿರ್ವಾಹಕಿ
ಸೋಮವಾರ, ರಾತ್ರಿ 10:05

ಊರು, ವ್ಯಾಪಾರದ ಬಗೆ, ತಾರೀಖು, ಹಣ ಹೋದ ಕಡೆ ಇವಿಷ್ಟನ್ನೂ ತೆಗೆದಿದ್ದೇನೆ. ತಪ್ಪು ತಿಳಿಯಬೇಡಿ. ಈ ನಾಲ್ಕೂ ಒಟ್ಟಿಗೆ ಸಿಕ್ಕರೆ ಆ ಗ್ರಾಹಕರು ಓದಿದ ಕೂಡಲೇ ‘ಇದು ನನ್ನದೇ ಕಥೆ’ ಎಂದು ಗುರುತಿಸುತ್ತಾರೆ. ನಿಮ್ಮ ಎರಡನೇ ಪ್ರಶ್ನೆಯ ಉತ್ತರದ ಒಂದು ಭಾಗ ಇದರಲ್ಲೇ ಇದೆ. ಮುಂದೆ ಬರೆಯುವವರೂ ನಿಯಮದ ಬಗ್ಗೆ ಮಾತ್ರ ಬರೆಯಿರಿ, ಆ ಖಾತೆಯ ಬಗ್ಗೆ ಬೇಡ.

ನಿವೃತ್ತ ಆಡಿಟರ್
ಮಂಗಳವಾರ, ಬೆಳಿಗ್ಗೆ 6:50

ಮೊದಲು ಆ ಹತ್ತು ಲಕ್ಷದ ಭೂತ ಬಿಡಿಸೋಣ. ಈ ಕಾಯ್ದೆಯಡಿ ಬಂದ ದಾಖಲೆ ನಿರ್ವಹಣೆಯ 2005ರ ನಿಯಮಗಳ ಮೂರನೇ ನಿಯಮವನ್ನು ಅಂಚೆಚೀಟಿಯಷ್ಟು ಜಾಗದಲ್ಲಿ ಬರೆದು ಗೋಡೆಗೆ ಅಂಟಿಸಿದವರು ಮೊದಲ ಸಾಲನ್ನು ಮಾತ್ರ ಬರೆಯುತ್ತಾರೆ: ಹತ್ತು ಲಕ್ಷ ರೂಪಾಯಿ ದಾಟಿದ ನಗದು ವಹಿವಾಟು. ಎರಡನೇ ಸಾಲನ್ನು ಯಾರೂ ಅಂಟಿಸುವುದಿಲ್ಲ. ಒಂದಕ್ಕೊಂದು ಹೊಂದಿಕೊಂಡ ನಗದು ವಹಿವಾಟುಗಳು ತಲಾ ಹತ್ತು ಲಕ್ಷದೊಳಗಿದ್ದರೂ ಒಂದು ತಿಂಗಳೊಳಗೆ ಅವುಗಳ ಮೊತ್ತ ಹತ್ತು ಲಕ್ಷ ದಾಟಿದರೆ ಅವೂ ವರದಿಗೆ ಬರುತ್ತವೆ.

ಕೂಡುವುದರಲ್ಲೂ ಒಂದು ಕ್ರಮವಿದೆ. ಜಮೆಗಳನ್ನು ಬೇರೆ ಕೂಡಬೇಕು, ಹಿಂತೆಗೆತಗಳನ್ನು ಬೇರೆ ಕೂಡಬೇಕು. ಒಬ್ಬರು ತಿಂಗಳಲ್ಲಿ 4,80,000, ಆಮೇಲೆ 45,000, ಆಮೇಲೆ 4,90,000 ರೂಪಾಯಿ ನಗದು ಕಟ್ಟಿದರು ಎನ್ನಿ. ಒಟ್ಟು 10,15,000. ಹತ್ತು ಲಕ್ಷ ದಾಟಿತು, ಆದ್ದರಿಂದ ಇವು ಹೊಂದಿಕೊಂಡ ವಹಿವಾಟುಗಳು. ವರದಿಯಲ್ಲಿ ತೋರಿಸುವುದು 4,80,000 ಮತ್ತು 4,90,000 ಮಾತ್ರ. ಐವತ್ತು ಸಾವಿರಕ್ಕಿಂತ ಕಡಿಮೆಯಾದ್ದರಿಂದ 45,000ದ ವಿವರ ಬೇಡ. ಅದೇ ತಿಂಗಳು ಅವರು ಏಳು ಲಕ್ಷ ನಗದು ತೆಗೆದಿದ್ದರೆ ಆ ಸಾಲು ವರದಿಗೆ ಬರುವುದೇ ಇಲ್ಲ. ಸಿಟಿಆರ್ ಮುಂದಿನ ತಿಂಗಳ 15ನೇ ತಾರೀಖಿನೊಳಗೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕಕ್ಕೆ ತಲುಪಬೇಕು.

ಇದಿಷ್ಟೂ ಗಣಿತ. ಇದರಲ್ಲಿ ಸಂಶಯದ ಮಾತೇ ಇಲ್ಲ. ಗ್ರಾಹಕ ಹರಿಶ್ಚಂದ್ರನೇ ಆಗಿದ್ದರೂ ಮೊತ್ತ ದಾಟಿದರೆ ಸಿಟಿಆರ್ ಹೋಗಲೇಬೇಕು. ಎಸ್‌ಟಿಆರ್ ಇದಕ್ಕೆ ತದ್ವಿರುದ್ಧ. ಅದಕ್ಕೆ ಕನಿಷ್ಠ ಮೊತ್ತವೇ ಇಲ್ಲ, ನಗದೇ ಆಗಬೇಕೆಂದೂ ಇಲ್ಲ. ನಿಯಮ ಕೇಳುವುದು ಇಷ್ಟನ್ನೇ: ಸದ್ಭಾವನೆಯಿಂದ ನಡೆಯುವ ಒಬ್ಬ ವ್ಯಕ್ತಿಗೆ ಇದು ಅಪರಾಧದ ಗಳಿಕೆ ಇರಬಹುದು ಎನ್ನಿಸಲು ತಕ್ಕ ಕಾರಣವಿದೆಯೇ? ವಹಿವಾಟು ಅಸಹಜವಾಗಿ ಅಥವಾ ಸಮರ್ಥನೆಯಿಲ್ಲದೆ ಜಟಿಲವಾಗಿದೆಯೇ? ಅದಕ್ಕೆ ಆರ್ಥಿಕ ತರ್ಕವಾಗಲಿ ಪ್ರಾಮಾಣಿಕ ಉದ್ದೇಶವಾಗಲಿ ಕಾಣುವುದಿಲ್ಲವೇ? ಭಯೋತ್ಪಾದನೆಗೆ ಹಣ ಹೋಗುತ್ತಿರಬಹುದೇ? ಇವುಗಳಲ್ಲಿ ಯಾವುದಾದರೂ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ ಸಾಕು.

ನಿಮ್ಮ ಹಿಂದಿನವರ ಕಡತದಲ್ಲಿ ಎಸ್‌ಟಿಆರ್ ಒಂದೂ ಇಲ್ಲವೆಂದರೆ ನನಗೆ ಹೆಮ್ಮೆ ಅನ್ನಿಸುವುದಿಲ್ಲ. ನಾನು ತಪಾಸಣೆಗೆ ಬಂದಿದ್ದರೆ ಮೊದಲು ತೆರೆಯುತ್ತಿದ್ದ ಕಡತ ಅದೇ.

ಎರಡನೇ ಕೌಂಟರ್
ಮಂಗಳವಾರ, ಮಧ್ಯಾಹ್ನ 2:15

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. ಇಪ್ಪತ್ತೆರಡು ವರ್ಷ ನಗದು ಕೌಂಟರಿನಲ್ಲಿ ಕುಳಿತವಳು ನಾನು. ಕಾಯ್ದೆಯ ಕಲಂಗಳು ಬಾಯಿಪಾಠ ಇಲ್ಲ, ಆದರೆ ಕೇಳುವುದು ಹೇಗೆಂದು ಗೊತ್ತಿದೆ.

ದೊಡ್ಡ ಚಲನ್ ಬಂದಾಗಲೆಲ್ಲ, ಯಾರೇ ಇರಲಿ, ‘ಇದು ಯಾವ ಬಾಬ್ತು ಸರ್? ಮಾರಾಟದ್ದೇ, ಸಾಲ ವಾಪಸೇ?’ ಎಂದು ಕೇಳುತ್ತೇನೆ. ಎಲ್ಲರನ್ನೂ ಕೇಳುವುದರಿಂದ ಯಾರಿಗೂ ಏನೂ ಅನ್ನಿಸುವುದಿಲ್ಲ. ಉತ್ತರವನ್ನು ಅಲ್ಲೇ ಬರೆದಿಡುತ್ತೇನೆ. ಬೇರೆಯವರ ಖಾತೆಗೆ ಕಟ್ಟಲು ಬಂದವರಾದರೆ ಅವರ ಹೆಸರು, ನಂಬರ್, ಸಂಬಂಧ ಬರೆದುಕೊಳ್ಳುತ್ತೇನೆ. ಇದು ಕೌಂಟರಿನ ಮಾತು. ಮೂರು ವಾರ ಕಳೆದ ಮೇಲೆ ಮುಖ್ಯ ಕಚೇರಿಯಿಂದ ಫೋನ್ ಮಾಡಿ ‘ನಿಮ್ಮ ಖಾತೆಗೆ ಬಂದ ನಗದಿನ ಬಗ್ಗೆ ಸ್ವಲ್ಪ ತಿಳಿಯಬೇಕಿತ್ತು’ ಎಂದರೆ ಅದು ಕೌಂಟರಿನ ಮಾತಲ್ಲ, ಎಚ್ಚರಿಕೆಯ ಗಂಟೆ.

ನಾನು ಹಿಂದೆ ಇದ್ದ ಶಾಖೆಯೊಂದರಲ್ಲಿ ವ್ಯವಸ್ಥಾಪಕರು ಒಳ್ಳೆಯತನದಿಂದಲೇ ಒಬ್ಬ ಗ್ರಾಹಕರಿಗೆ ‘ನಿಮ್ಮ ಖಾತೆಯ ಬಗ್ಗೆ ಮೇಲೆ ಪ್ರಶ್ನೆ ಎದ್ದಿದೆ, ಸ್ವಲ್ಪ ನೋಡಿಕೊಳ್ಳಿ’ ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎಂಬ ಗಾದೆ ಇದೆಯಲ್ಲ, ಆ ಮನುಷ್ಯ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾ ನಿಲ್ಲಲಿಲ್ಲ. ನಾಲ್ಕನೆಯ ದಿನ ಖಾತೆಯಲ್ಲಿ ಕನಿಷ್ಠ ಶಿಲ್ಕು ಮಾತ್ರ ಉಳಿದಿತ್ತು. ಆಮೇಲೆ ತನಿಖೆಯವರು ಬಂದು ನಮ್ಮನ್ನೇ ಸಾಲಾಗಿ ನಿಲ್ಲಿಸಿ ಕೇಳಿದರು: ಅವರಿಗೆ ಹೇಳಿದವರು ಯಾರು?

ಅಲರ್ಟ್ ಎಣಿಸುವವಳು
ಮಂಗಳವಾರ, ರಾತ್ರಿ 8:30

ಕೌಂಟರ್ ಮೇಡಂ ಹೇಳಿದ್ದನ್ನೇ ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನ ಬೇರೆ ಮಾತಿನಲ್ಲಿ ಹೇಳುತ್ತದೆ. ಸಂಶಯ ಹುಟ್ಟಿದೆ, ಈಗ ಗ್ರಾಹಕರ ಗುರುತು ವಿವರ ಕೆದಕಲು ಹೋದರೆ ಅವರಿಗೆ ಸುಳಿವು ಸಿಗುತ್ತದೆ ಎಂದು ನಂಬಲು ಕಾರಣವಿದ್ದರೆ, ಕೆದಕುವುದನ್ನು ಬಿಟ್ಟು ಎಸ್‌ಟಿಆರ್ ಸಲ್ಲಿಸಬೇಕು. ಎಂದರೆ ‘ಕೇಳದೆ ಬರೆಯುವುದು’ ಅನ್ಯಾಯವಲ್ಲ, ಕೆಲವು ಸಂದರ್ಭಗಳಲ್ಲಿ ಅದೇ ನಿಯಮ.

ನಾನು ದೊಡ್ಡ ಬ್ಯಾಂಕೊಂದರಲ್ಲಿ ದಿನವಿಡೀ ಅಲರ್ಟ್ ನೋಡುವ ಕೆಲಸದಲ್ಲಿದ್ದೇನೆ. ಸಾಫ್ಟ್‌ವೇರ್ ಎತ್ತಿ ಹಾಕುವ ಅಲರ್ಟುಗಳಲ್ಲಿ ಹೆಚ್ಚಿನವು ಜೊಳ್ಳು: ಮಗಳ ಮದುವೆಗೆ ತೆಗೆದ ಹಣ, ನಿವೇಶನ ಮಾರಿದ ಹಣ, ಸುಗ್ಗಿಯ ಹಣ. ಕಾಳು ಯಾವುದೆಂದು ಸಾಫ್ಟ್‌ವೇರ್ ಹೇಳುವುದಿಲ್ಲ. ಅದಕ್ಕೆ ಗ್ರಾಹಕ ಏನು ಮಾಡುತ್ತಾನೆ, ವರ್ಷಕ್ಕೆ ಎಷ್ಟು ವಹಿವಾಟು ಎಂದು ಖಾತೆ ತೆರೆಯುವಾಗ ಹೇಳಿದ್ದ, ಈಗ ಏನು ನಡೆಯುತ್ತಿದೆ ಎಂಬ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಎಸ್‌ಟಿಆರ್‌ನಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಂಶಯದ ಕಾರಣವನ್ನು ಬರೆಯುವ ಜಾಗ. ಹೊಸಬರು ಅಲ್ಲಿ ‘ಗ್ರಾಹಕರ ಖಾತೆಯಲ್ಲಿ ಭಾರೀ ನಗದು ಜಮೆಯಾಗಿದ್ದು ಸಂಶಯಾಸ್ಪದವಾಗಿ ಕಂಡುಬಂದಿರುತ್ತದೆ’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇದನ್ನು ಓದಿದವರಿಗೆ ಏನು ತಿಳಿಯಿತು? ಹೀಗೆ ಬರೆದು ನೋಡಿ: ಖಾತೆದಾರರು ಬಿಡಿ ಸಾಮಾನಿನ ಚಿಲ್ಲರೆ ವ್ಯಾಪಾರಿ, ಘೋಷಿಸಿದ ವಾರ್ಷಿಕ ವಹಿವಾಟು ಇಷ್ಟು, ಹಿಂದಿನ ಹನ್ನೆರಡು ತಿಂಗಳಲ್ಲಿ ನಗದು ಜಮೆ ತಿಂಗಳಿಗೆ ಇಷ್ಟನ್ನು ಮೀರಿಲ್ಲ, ಈ ತಾರೀಖಿನಿಂದ ಈ ತಾರೀಖಿನವರೆಗೆ ಇಷ್ಟು ಸಲ, ಇಷ್ಟು ಜನ, ಇಷ್ಟು ಶಾಖೆಗಳಲ್ಲಿ ಕಟ್ಟಿದ್ದಾರೆ, ಕೌಂಟರಿನಲ್ಲಿ ಕೇಳಿದಾಗ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ ಹೇಳಿದ್ದಾರೆ, ಹಣ ಇಷ್ಟು ಗಂಟೆಯೊಳಗೆ ಇಂಥ ಖಾತೆಗೆ ಹೋಗಿದೆ, ಆ ಖಾತೆಗೂ ಈ ವ್ಯಾಪಾರಕ್ಕೂ ನಮಗೆ ಸಂಬಂಧ ಕಂಡಿಲ್ಲ. ಅಷ್ಟೇ. ‘ಆದ್ದರಿಂದ ಇವರು ಕಳ್ಳರು’ ಎಂಬ ಕೊನೆಯ ಸಾಲು ಬೇಡ. ಅದನ್ನು ಬರೆಯುವ ಅಧಿಕಾರ ನಮಗಿಲ್ಲ, ಬರೆಯಬೇಕಾದ ಅಗತ್ಯವೂ ಇಲ್ಲ.

ಚಾಲ್ತಿ ಖಾತೆ
ಮಂಗಳವಾರ, ರಾತ್ರಿ 11:10

ನಾನು ಬ್ಯಾಂಕಿನವನಲ್ಲ, ಕೌಂಟರಿನ ಹೊರಗೆ ನಿಲ್ಲುವವನು. ನೀವೆಲ್ಲ ಇಷ್ಟು ಸಮಾಧಾನದಿಂದ ಮಾತಾಡುತ್ತಿರುವುದನ್ನು ನೋಡಿ ಹೊಟ್ಟೆ ಉರಿಯಿತು. ನನ್ನ ಬೆನ್ನ ಹಿಂದೆ ಚಾಡಿ ಬರೆಯುತ್ತೀರಿ, ನನ್ನನ್ನು ಕೇಳುವುದಿಲ್ಲ, ಬರೆದದ್ದನ್ನು ಹೇಳುವುದೂ ಇಲ್ಲ. ಹೋದ ವರ್ಷ ನನ್ನ ಖಾತೆಯನ್ನು ಹನ್ನೊಂದು ದಿನ ತಡೆಹಿಡಿದರು. ಕೂಲಿಯವರಿಗೆ ಬಟವಾಡೆ ಮಾಡಲಾಗದೆ ಸಾಲ ತಂದೆ. ಬ್ಯಾಂಕಿನಲ್ಲಿ ಕೇಳಿದರೆ ‘ಸಿಸ್ಟಮ್‌ನಲ್ಲಿ ಹಾಗೆ ತೋರಿಸುತ್ತಿದೆ ಸರ್’ ಎಂಬುದೊಂದೇ ಉತ್ತರ. ಇದೇ ಎಸ್‌ಟಿಆರ್ ಮಹಿಮೆ ತಾನೇ?

ಕಾನೂನು ಕಲಿಯುವವ
ಬುಧವಾರ, ಬೆಳಿಗ್ಗೆ 7:30

ಇಲ್ಲ ಸರ್, ಬಹುಶಃ ಅಲ್ಲ. ಎಸ್‌ಟಿಆರ್ ಸಲ್ಲಿಸಿದ ಮಾತ್ರಕ್ಕೆ ಖಾತೆಯ ವಹಿವಾಟಿಗೆ ತಡೆ ಹಾಕಬಾರದು ಎಂದು ರಿಸರ್ವ್ ಬ್ಯಾಂಕೇ ಹೇಳಿದೆ. ತಡೆ ಹಾಕಿದರೆ ಅದೇ ಒಂದು ಸುಳಿವಾಗುತ್ತದಲ್ಲವೇ? ಖಾತೆ ನಿಲ್ಲುವ ದಾರಿಗಳು ಬೇರೆ: ಪೊಲೀಸರ ನೋಟಿಸ್, ನ್ಯಾಯಾಲಯದ ಆದೇಶ, ತೆರಿಗೆಯವರ ಜಪ್ತಿ, ಜಾರಿ ನಿರ್ದೇಶನಾಲಯದ ಆದೇಶ, ಇಲ್ಲವೇ ಕೆವೈಸಿ ನವೀಕರಣ ಬಾಕಿ ಉಳಿದಿರುವುದು. ಸೈಬರ್ ವಂಚನೆಯ ದೂರಿನಲ್ಲಿ ಹಣ ಹರಿದ ಖಾತೆಗಳನ್ನೆಲ್ಲ ಸರಪಳಿಯಂತೆ ಹಿಡಿಯುವಾಗ ಏನೂ ಅರಿಯದ ವ್ಯಾಪಾರಿಯ ಖಾತೆಯೂ ಸಿಕ್ಕಿಬೀಳುತ್ತದೆ. ಅಂಥ ಸಂದರ್ಭದಲ್ಲಿ ಯಾವ ಠಾಣೆಯ ನೋಟಿಸ್, ಯಾವ ದೂರಿನ ಸಂಖ್ಯೆ ಎಂದು ನೀವು ಲಿಖಿತವಾಗಿ ಕೇಳಬೇಕು. ಬ್ಯಾಂಕಿನವರು ‘ಸಿಸ್ಟಮ್’ ಎಂದು ಕೈಚೆಲ್ಲಿದ್ದು ನಿಯಮಕ್ಕೆ ಹೆದರಿ ಅಲ್ಲ, ಸೋಮಾರಿತನಕ್ಕೆ.

ಆದರೆ ನಿಮ್ಮ ಮಾತಿನಲ್ಲಿ ಒಂದು ಸತ್ಯ ಇದೆ. ನಿಮ್ಮ ಮೇಲೆ ಎಸ್‌ಟಿಆರ್ ಹೋಗಿದೆಯೇ ಎಂದು ತಿಳಿಯುವ ದಾರಿ ನಿಮಗಿಲ್ಲ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೂ ಪ್ರಯೋಜನವಿಲ್ಲ, ಹಣಕಾಸು ಗುಪ್ತಚರ ಘಟಕ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ವಿನಾಯಿತಿ ಪಡೆದ ಸಂಸ್ಥೆಗಳಲ್ಲಿ ಒಂದು.

ನಿವೃತ್ತ ಆಡಿಟರ್
ಬುಧವಾರ, ಬೆಳಿಗ್ಗೆ 8:20

ವ್ಯಾಪಾರಿಗಳು ‘ಚಾಡಿ’ ಎಂದರು. ಆ ಪದದ ಹತ್ತಿರ ಸ್ವಲ್ಪ ನಿಲ್ಲೋಣ. ಎಸ್‌ಟಿಆರ್ ಎಂಬುದು ದೂರಲ್ಲ, ಎಫ್‌ಐಆರ್ ಅಂತೂ ಅಲ್ಲ. ಅದು ಹೋಗುವುದು ಪೊಲೀಸ್ ಠಾಣೆಗಲ್ಲ, ಜಾರಿ ನಿರ್ದೇಶನಾಲಯಕ್ಕೂ ನೇರವಾಗಿ ಅಲ್ಲ. 2004ರ ನವೆಂಬರ್‌ನಲ್ಲಿ ಸ್ಥಾಪನೆಯಾದ, ಹಣಕಾಸು ಸಚಿವಾಲಯದ ಕಂದಾಯ ಇಲಾಖೆಯ ಅಡಿಯಲ್ಲಿರುವ ಗುಪ್ತಚರ ಘಟಕಕ್ಕೆ. ಆ ಘಟಕ ಯಾರನ್ನೂ ಬಂಧಿಸುವುದಿಲ್ಲ, ಬಾಗಿಲು ತಟ್ಟುವುದಿಲ್ಲ. ಒಂದು ಬ್ಯಾಂಕಿನಿಂದ ಬಂದ ತುಂಡನ್ನು ಇನ್ನೊಂದರಿಂದ ಬಂದ ತುಂಡಿನೊಡನೆ ಜೋಡಿಸಿ ನೋಡುತ್ತದೆ. ಜೋಡಿಸಿದಾಗ ಚಿತ್ರವೊಂದು ಮೂಡಿದರೆ ಮಾತ್ರ ಸಂಬಂಧಪಟ್ಟ ತನಿಖಾ ಸಂಸ್ಥೆಗೆ ಕಳುಹಿಸುತ್ತದೆ. ಮೂಡದಿದ್ದರೆ ತುಂಡು ಅಲ್ಲೇ ಉಳಿಯುತ್ತದೆ.

ಇಂಥ ಘಟಕ ನಮ್ಮಲ್ಲಿ ಮಾತ್ರ ಇಲ್ಲ. 1989ರಲ್ಲಿ ಪ್ಯಾರಿಸಿನ ಜಿ-7 ಸಭೆಯಲ್ಲಿ ಹುಟ್ಟಿದ, ಹಣದ ಅಕ್ರಮ ವರ್ಗಾವಣೆ ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್ ಎಲ್ಲ ದೇಶಗಳಿಗೂ ನಲವತ್ತು ಶಿಫಾರಸುಗಳನ್ನು ಕೊಟ್ಟಿದೆ. ಇಪ್ಪತ್ತನೆಯದು ಸಂಶಯದ ವರದಿ, ಅದರ ಬೆನ್ನಿಗೇ ಇಪ್ಪತ್ತೊಂದನೆಯದು ಸುಳಿವು ಕೊಡಬಾರದೆಂಬ ನಿಯಮ. ಭಾರತ 2010ರಿಂದ ಅದರ ಸದಸ್ಯ.

ಖಾತೆ-ಕಿರ್ದಿಯವರೇ, ನಿಮ್ಮ ಮೂರನೇ ಪ್ರಶ್ನೆಗೆ ಕಾಯ್ದೆಯ 14ನೇ ಕಲಂ ಉತ್ತರ. ಕಾನೂನಿನಂತೆ ಮಾಹಿತಿ ಕೊಟ್ಟದ್ದಕ್ಕಾಗಿ ಸಂಸ್ಥೆಯ ಮೇಲಾಗಲಿ, ನಿರ್ದೇಶಕರು, ನೌಕರರ ಮೇಲಾಗಲಿ ಸಿವಿಲ್ ಅಥವಾ ಕ್ರಿಮಿನಲ್ ಮೊಕದ್ದಮೆ ನಡೆಯುವುದಿಲ್ಲ. ಗ್ರಾಹಕರು ನಿರಪರಾಧಿ ಎಂದಾದರೆ ನಿಮಗೆ ಏನೂ ಆಗುವುದಿಲ್ಲ. ಬರೆಯದೆ ಬಿಟ್ಟು ಅವರು ಅಪರಾಧಿ ಎಂದಾದರೆ 13ನೇ ಕಲಂ ಇದೆ: ಪ್ರತಿ ಲೋಪಕ್ಕೆ ಹತ್ತು ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ. ಅದು ಸಂಸ್ಥೆಯ ಮೇಲೆ ಮಾತ್ರವಲ್ಲ, ಕಾಯ್ದೆ ಪಾಲನೆಯ ಹೊಣೆ ಹೊತ್ತ ನಿಯೋಜಿತ ನಿರ್ದೇಶಕರ ಮೇಲೆ, ನೌಕರರ ಮೇಲೆಯೂ ಬೀಳಬಹುದು. ‘ಒಂದು ಲಕ್ಷ ತಾನೇ’ ಎನ್ನಬೇಡಿ. ವಿಳಂಬದ ಒಂದೊಂದು ದಿನವೂ ಪ್ರತ್ಯೇಕ ಲೋಪ. 2024ರ ಫೆಬ್ರವರಿಯಲ್ಲಿ ಪೇಟಿಎಂ ಪೇಮೆಂಟ್ಸ್ ಬ್ಯಾಂಕಿಗೆ ಇದೇ ಘಟಕ ಹಾಕಿದ ದಂಡ 5.49 ಕೋಟಿ ರೂಪಾಯಿ. ಅದೇ ವರ್ಷದ ಜೂನಿನಲ್ಲಿ ಕ್ರಿಪ್ಟೊ ವಿನಿಮಯ ಸಂಸ್ಥೆ ಬೈನಾನ್ಸ್‌ಗೆ 18.82 ಕೋಟಿ.

ಚಾಲ್ತಿ ಖಾತೆ
ಬುಧವಾರ, ಬೆಳಿಗ್ಗೆ 9:00

ತುಂಡು ಅಲ್ಲೇ ಉಳಿಯುತ್ತದೆ ಎಂದಿರಿ. ಎಷ್ಟು ವರ್ಷ? ತಪ್ಪು ಮಾಡದವನ ಹೆಸರು ಆ ಡಬ್ಬಿಯಿಂದ ಹೊರಗೆ ಬರುವುದು ಯಾವಾಗ?

ನಿವೃತ್ತ ಆಡಿಟರ್
ಬುಧವಾರ, ಬೆಳಿಗ್ಗೆ 9:25

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಬ್ಯಾಂಕು ವಹಿವಾಟಿನ ದಾಖಲೆಯನ್ನು ಐದು ವರ್ಷ ಇಡಬೇಕೆಂದು ಕಾಯ್ದೆ ಹೇಳುತ್ತದೆ. ಗುರುತಿನ ದಾಖಲೆಯಾದರೆ ಸಂಬಂಧ ಮುಗಿದು ಅಥವಾ ಖಾತೆ ಮುಚ್ಚಿ ಐದು ವರ್ಷ. ‘ನಿಮ್ಮ ಹೆಸರನ್ನು ಬಿಟ್ಟುಬಿಟ್ಟಿದ್ದೇವೆ’ ಎಂದು ನಿಮಗೆ ಪತ್ರ ಬರೆಯುವ ಪದ್ಧತಿ ಮಾತ್ರ ಎಲ್ಲೂ ಇಲ್ಲ. ಆ ಮಟ್ಟಿಗೆ ನಿಮ್ಮ ಸಿಟ್ಟಿಗೆ ನನ್ನ ಬಳಿ ಉತ್ತರವಿಲ್ಲ.

ಕಾನೂನು ಕಲಿಯುವವ
ಬುಧವಾರ, ಸಂಜೆ 5:45

ಬರೆದರೆ ರಕ್ಷಣೆ, ಬರೆಯದಿದ್ದರೆ ದಂಡ. ಹಾಗಿದ್ದರೆ ಬುದ್ಧಿ ಇರುವ ಯಾವ ಅಧಿಕಾರಿಯಾದರೂ ಏನು ಮಾಡುತ್ತಾನೆ? ಕಂಡದ್ದನ್ನೆಲ್ಲ ಬರೆಯುತ್ತಾನೆ. ಅಮೆರಿಕದಲ್ಲಿ 2023ರ ಆರ್ಥಿಕ ವರ್ಷವೊಂದರಲ್ಲೇ ಇಂಥ ಸಂಶಯದ ವರದಿಗಳು 46 ಲಕ್ಷ ಸಲ್ಲಿಕೆಯಾದವು, ನಗದಿನ ವರದಿಗಳು ಎರಡು ಕೋಟಿ ದಾಟಿದವು. ಅಷ್ಟನ್ನು ಯಾರು ಓದುತ್ತಾರೆ? ಕಾಯ್ದೆಯೇ ಬ್ಯಾಂಕುಗಳನ್ನು ಹುಲಿ ಬಂತು ಹುಲಿ ಎಂದು ಕೂಗುವ ಹುಡುಗನನ್ನಾಗಿ ಮಾಡಿದೆ ಎಂಬುದು ನನ್ನ ತಕರಾರು.

ಅಲರ್ಟ್ ಎಣಿಸುವವಳು
ಬುಧವಾರ, ರಾತ್ರಿ 9:15

ತಕರಾರು ಒಪ್ಪುತ್ತೇನೆ, ತೀರ್ಮಾನ ಒಪ್ಪುವುದಿಲ್ಲ. ಭಯಕ್ಕೆ ಬರೆದ ವರದಿಯನ್ನು ಎರಡನೇ ಸಾಲಿನಲ್ಲೇ ಗುರುತಿಸಬಹುದು, ಅದರಲ್ಲಿ ಕಾರಣವೇ ಇರುವುದಿಲ್ಲ. ನಮ್ಮ ತಂಡದಲ್ಲಿ ಒಂದು ಪದ್ಧತಿ ಇದೆ: ಅಲರ್ಟನ್ನು ಮುಚ್ಚುವಾಗಲೂ ಏಕೆ ಮುಚ್ಚಿದೆವೆಂದು ಬರೆಯಲೇಬೇಕು. ‘ನಿವೇಶನ ಮಾರಾಟದ ಹಣ, ಕ್ರಯಪತ್ರ ನೋಡಲಾಗಿದೆ, ಮೊತ್ತ ಹೊಂದುತ್ತದೆ’ ಎಂದು ಮೂರು ತುಂಡು ವಾಕ್ಯ. ತಪಾಸಣೆಯವರು ಐದು ವರ್ಷದ ನಂತರ ಬಂದು ‘ಇದನ್ನೇಕೆ ಬಿಟ್ಟಿರಿ’ ಎಂದರೆ ತೋರಿಸಲು ಅದಿರುತ್ತದೆ. ಬಿಟ್ಟದ್ದಕ್ಕೆ ಆಧಾರ ಇದೆ ಎಂಬ ಧೈರ್ಯ ಬಂದವರು ಕಂಡದ್ದನ್ನೆಲ್ಲ ಬರೆಯಲು ಹೋಗುವುದಿಲ್ಲ.

ಇನ್ನು ಸಾಫ್ಟ್‌ವೇರನ್ನೇ ದೇವರೆಂದು ನಂಬುವವರಿಗೆ ಒಂದು ಮಾತು. ಆಸ್ಟ್ರೇಲಿಯದ ಕಾಮನ್‌ವೆಲ್ತ್ ಬ್ಯಾಂಕ್ ನಗದು ತುಂಬುವ ಯಂತ್ರಗಳನ್ನು ಇಟ್ಟಿತು. ಅಲ್ಲಿ ಹತ್ತು ಸಾವಿರ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿನ ನಗದಿನ ವರದಿ ತಾನಾಗಿಯೇ ಹೋಗಬೇಕು. ಯಂತ್ರದಲ್ಲಿ ಒಂದು ಬಗೆಯ ಜಮೆಗೆ ಹೊಸ ಸಂಕೇತ ಕೊಟ್ಟರು, ವರದಿ ತಯಾರಿಸುವ ವ್ಯವಸ್ಥೆಗೆ ಆ ಸಂಕೇತವನ್ನು ಹೇಳಲು ಮರೆತರು. ಸುಮಾರು ಮೂರು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಸಕಾಲದಲ್ಲಿ ಹೋಗದೆ ಉಳಿದ ವರದಿಗಳು 53,506. ಇದೂ ಇನ್ನಿತರ ಲೋಪಗಳೂ ಸೇರಿ 2018ರಲ್ಲಿ 70 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಕಟ್ಟಿತು. ಅದಕ್ಕೇ ನಾನು ತಿಂಗಳಿಗೊಮ್ಮೆ ನಗದು ಪುಸ್ತಕದ ದೊಡ್ಡ ಸಾಲುಗಳನ್ನು ಕೈಯಿಂದಲೇ ಸಿಟಿಆರ್‌ಗೆ ತಾಳೆ ನೋಡುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ, ನಗಲಿ.

ಎರಡನೇ ಕೌಂಟರ್
ಗುರುವಾರ, ಮಧ್ಯಾಹ್ನ 2:10

ನನ್ನದೊಂದು ಸಂದೇಹ. ಹೋದ ವಾರ ಒಬ್ಬರು ನಗದು ಕಟ್ಟಲು ಬಂದರು. ಐವತ್ತು ಸಾವಿರ ದಾಟಿದೆ, ಪ್ಯಾನ್ ನಂಬರ್ ಕೊಡಿ ಎಂದೆ. ‘ಹಾಗಾದರೆ 49,000 ತೆಗೆದುಕೊಳ್ಳಿ’ ಎಂದರು. ಗುರುತಿನ ಚೀಟಿ ಕೇಳಿದೆ, ಹಣ ಎತ್ತಿಕೊಂಡು ಹೊರಟೇ ಹೋದರು. ವಹಿವಾಟೇ ನಡೆಯಲಿಲ್ಲ. ಇದರಲ್ಲಿ ಬರೆಯಲು ಏನಿದೆ?

ಅಲರ್ಟ್ ಎಣಿಸುವವಳು
ಗುರುವಾರ, ಮಧ್ಯಾಹ್ನ 3:40

ಇದೆ ಮೇಡಂ. ಸಂಶಯಾಸ್ಪದ ವಹಿವಾಟಿನ ವ್ಯಾಖ್ಯೆಯಲ್ಲೇ ‘ವಹಿವಾಟಿನ ಪ್ರಯತ್ನ’ವೂ ಸೇರಿದೆ. ಯಾರ ಖಾತೆಗೆ ಕಟ್ಟಲು ಬಂದಿದ್ದರು, ಎಷ್ಟು, ಯಾವ ಮಾತಿಗೆ ಹಿಂದೆ ಸರಿದರು ಎಂಬುದನ್ನು ನಿಮ್ಮ ಪ್ರಧಾನ ಅಧಿಕಾರಿಗೆ ಅದೇ ದಿನ ತಿಳಿಸಿ. ಎಸ್‌ಟಿಆರ್ ಬೇಕೇ ಬೇಡವೇ ಎಂಬುದು ಅವರ ತೀರ್ಮಾನ. ನೀವು ತಿಳಿಸಿದ್ದು ಮಾತ್ರ ಕಾಗದದ ಮೇಲಿರಲಿ.

ಎರಡನೇ ಕೌಂಟರ್
ಗುರುವಾರ, ಸಂಜೆ 6:00

ತಿಳಿಸುತ್ತೇನೆ. ಕೌಂಟರಿನವರನ್ನು ಕೊಂಡುಕೊಂಡರೆ ಉಳಿದ ಏರ್ಪಾಟೆಲ್ಲ ವ್ಯರ್ಥ ಎಂಬುದಕ್ಕೆ ಅಮೆರಿಕದ ಟಿಡಿ ಬ್ಯಾಂಕಿನ ಪ್ರಕರಣ ಓದಿದ್ದೆ. ಒಂದೇ ಗುಂಪು 47 ಕೋಟಿ ಡಾಲರಿಗೂ ಹೆಚ್ಚು ಹಣವನ್ನು, ಬಹುಪಾಲು ನಗದಾಗಿಯೇ, ಆ ಬ್ಯಾಂಕಿನ ಮೂಲಕ ದಾಟಿಸಿತು. ಅದಕ್ಕಾಗಿ ನೌಕರರಿಗೆ ಹಂಚಿದ್ದು ಒಟ್ಟು 57,000 ಡಾಲರ್ ಮೀರಿದಷ್ಟು ಬೆಲೆಯ ಉಡುಗೊರೆ ಕಾರ್ಡುಗಳು. 2024ರ ಅಕ್ಟೋಬರಿನಲ್ಲಿ ಬ್ಯಾಂಕ್ ತಪ್ಪೊಪ್ಪಿಕೊಂಡು ಸುಮಾರು 300 ಕೋಟಿ ಡಾಲರ್ ತೆರಲು ಒಪ್ಪಿತು. ಅಷ್ಟು ಅಗ್ಗಕ್ಕೆ ಮಾರಿಕೊಂಡರಲ್ಲ ಎಂದು ನನಗೆ ಸಿಟ್ಟಿಗಿಂತ ನಾಚಿಕೆಯಾಯಿತು.

ಖಾತೆ-ಕಿರ್ದಿ
ಗುರುವಾರ, ರಾತ್ರಿ 10:30

ಎಲ್ಲವನ್ನೂ ಓದಿದೆ, ಕೆಲವನ್ನು ಎರಡು ಸಲ. ಸಿಟಿಆರ್ ಗಣಿತ ಈಗ ಸ್ಪಷ್ಟ. ನಮ್ಮ ಸಾಫ್ಟ್‌ವೇರ್ ಒಂದೊಂದು ಚಲನ್ನನ್ನು ಮಾತ್ರ ನೋಡುತ್ತಿತ್ತು, ತಿಂಗಳ ಮೊತ್ತವನ್ನು ಕೂಡುತ್ತಲೇ ಇರಲಿಲ್ಲ ಎಂಬುದು ನಿನ್ನೆ ಗೊತ್ತಾಯಿತು. ಹಳೆಯ ತಿಂಗಳುಗಳನ್ನು ಮತ್ತೆ ಕೂಡಲು ಕುಳಿತಿದ್ದೇನೆ.

ಉಳಿದಿರುವುದು ಅಧ್ಯಕ್ಷರ ವಿಷಯ. ನಮ್ಮಲ್ಲಿ ‘ನಿಯೋಜಿತ ನಿರ್ದೇಶಕ’ ಎಂದು ಅವರ ಹೆಸರನ್ನೇ ಕೊಟ್ಟಿದ್ದಾರೆ. ಅವರು ಬೇಡವೆಂದರೆ ನಾನು ಬರೆಯಬಹುದೇ? ದಿನ ಬೆಳಗಾದರೆ ಅವರ ಮುಖ ನೋಡಬೇಕು.

ನಿವೃತ್ತ ಆಡಿಟರ್
ಶುಕ್ರವಾರ, ಬೆಳಿಗ್ಗೆ 6:40

ಬರೆಯಬಹುದು. ಬರೆಯಬೇಕಾದವರೂ ನೀವೇ. ನಿಯೋಜಿತ ನಿರ್ದೇಶಕರ ಹೊಣೆ ಇಡೀ ವ್ಯವಸ್ಥೆ ಕಾಯ್ದೆಯಂತೆ ನಡೆಯುತ್ತಿದೆಯೇ ಎಂದು ನೋಡುವುದು. ಮಾಹಿತಿ ಸಲ್ಲಿಸುವ ಹೊಣೆ ಪ್ರಧಾನ ಅಧಿಕಾರಿಯದ್ದು. ಇಬ್ಬರೂ ಒಬ್ಬರೇ ಆಗಿರಬಾರದು ಎಂದು ರಿಸರ್ವ್ ಬ್ಯಾಂಕ್ ಖಡಾಖಂಡಿತವಾಗಿ ಹೇಳಿರುವುದು ಸುಮ್ಮನೆ ಅಲ್ಲ. 2023ರಲ್ಲಿ ನಿಯಮ ತಿದ್ದಿ, ಪ್ರಧಾನ ಅಧಿಕಾರಿ ಆಡಳಿತ ಮಟ್ಟದವರೇ ಆಗಿರಬೇಕೆಂದರು. ಕಿರಿಯ ಗುಮಾಸ್ತನಿಗೆ ಆ ಹೆಸರು ಅಂಟಿಸಿ ಬಾಯಿ ಮುಚ್ಚಿಸುತ್ತಿದ್ದ ಬ್ಯಾಂಕುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಧ್ಯಕ್ಷರೊಡನೆ ಜಗಳವಾಡಬೇಡಿ. 13ನೇ ಕಲಮನ್ನು ಅವರ ಮೇಜಿನ ಮೇಲಿಡಿ, ಅದರಲ್ಲಿ ನಿಯೋಜಿತ ನಿರ್ದೇಶಕ ಎಂಬ ಮಾತಿದೆ. ಯಾವ ಗ್ರಾಹಕ, ಯಾವ ತೀರ್ಮಾನ ಎಂಬುದನ್ನು ತಿಳಿಯಲೇಬೇಕಾದವರಿಗೆ ಮಾತ್ರ ತಿಳಿಸಿ. ಆಡಳಿತ ಮಂಡಳಿಗೆ ಬೇಕಾದದ್ದು ಈ ತ್ರೈಮಾಸಿಕದಲ್ಲಿ ಎಷ್ಟು ಅಲರ್ಟ್ ಬಂದವು, ಎಷ್ಟು ಮುಚ್ಚಿದವು, ಎಷ್ಟು ಬಾಕಿ ಎಂಬ ಅಂಕಿ. ಹೆಸರುಗಳು ಸಭೆಯ ನಡಾವಳಿಯಲ್ಲಿ ಬರಬಾರದು. ನಡಾವಳಿ ಪುಸ್ತಕ ಯಾರ ಕೈಯಲ್ಲೆಲ್ಲ ಓಡಾಡುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಅಂದಹಾಗೆ, 2023ರ ಮೇ ತಿಂಗಳಿನಿಂದ ಗ್ರಾಹಕರ ಪರವಾಗಿ ಆಸ್ತಿ ಕೊಡಿಸುವ, ಹಣ ನಿರ್ವಹಿಸುವ, ಕಂಪನಿ ಕಟ್ಟುವಂಥ ಕೆಲವು ಕೆಲಸಗಳನ್ನು ಮಾಡುವ ಲೆಕ್ಕಪರಿಶೋಧಕರೂ ಈ ಕಾಯ್ದೆಯ ಬಲೆಯೊಳಗೆ ಬಂದಿದ್ದಾರೆ. ಅದಕ್ಕೂ ಎರಡು ತಿಂಗಳ ಹಿಂದೆ ಕ್ರಿಪ್ಟೊ ವ್ಯವಹಾರದವರು ಬಂದರು. ಊರಿಗೆಲ್ಲ ಉಪದೇಶ ಮಾಡುತ್ತಿದ್ದ ನಾನು ಸಕಾಲದಲ್ಲಿ ನಿವೃತ್ತನಾದೆ.

ಚಾಲ್ತಿ ಖಾತೆ
ಮುಂದಿನ ಬುಧವಾರ, ರಾತ್ರಿ 8:00

ಮಂಗಳವಾರ ಸಿಟ್ಟಿನಲ್ಲಿ ಬರೆದದ್ದಕ್ಕೆ ಕ್ಷಮೆ ಇರಲಿ. ವಿದ್ಯಾರ್ಥಿ ಹೇಳಿದಂತೆ ಲಿಖಿತವಾಗಿ ಕೇಳಿದೆ. ನನ್ನ ಖಾತೆ ನಿಂತದ್ದು ಬೇರೆ ರಾಜ್ಯದ ಒಂದು ಠಾಣೆಯ ನೋಟಿಸಿನಿಂದ. ನನ್ನ ಸರಕು ಕೊಂಡವನು ಯಾರಿಗೋ ಮೋಸ ಮಾಡಿದ ಹಣದಲ್ಲಿ ನನಗೆ ಪಾವತಿ ಮಾಡಿದ್ದನಂತೆ. ಮೊದಲ ದಿನವೇ ಆ ಕಾಗದ ಕೊಟ್ಟಿದ್ದರೆ ಹನ್ನೊಂದು ದಿನ ಬ್ಯಾಂಕಿಗೆ ಶಾಪ ಹಾಕುತ್ತಿರಲಿಲ್ಲ. ಎಸ್‌ಟಿಆರ್ ಬಗ್ಗೆ ನನ್ನ ಅಸಮಾಧಾನ ಹಾಗೆಯೇ ಇದೆ, ಅದು ಬೇರೆ.

ಖಾತೆ-ಕಿರ್ದಿಯವರೇ, ಕೊನೆಗೆ ಏನು ಮಾಡಿದಿರಿ? ಬರೆದಿರೋ, ಬಿಟ್ಟಿರೋ?

ಖಾತೆ-ಕಿರ್ದಿ
ಮುಂದಿನ ಬುಧವಾರ, ರಾತ್ರಿ 9:20

ಚಲನಿನ ಹಿಂಬದಿಯಲ್ಲಿ ‘ಹಣದ ಮೂಲ’, ‘ಕಟ್ಟುವವರ ಹೆಸರು ಮತ್ತು ಸಂಬಂಧ’ ಎಂಬ ಎರಡು ಸಾಲು ಅಚ್ಚು ಹಾಕಿಸಿದ್ದೇವೆ. ಎಲ್ಲ ಗ್ರಾಹಕರಿಗೂ, ಎಲ್ಲ ಶಾಖೆಗಳಲ್ಲಿಯೂ. ತಿಂಗಳ ಮೊತ್ತ ಕೂಡುವಂತೆ ಸಾಫ್ಟ್‌ವೇರಿನವರಿಂದ ತಿದ್ದಿಸಿದ್ದೇನೆ. ಹಿಂದೆ ಬಿಟ್ಟುಹೋದ ಸಿಟಿಆರ್‌ಗಳನ್ನು ತಡವಾದರೂ ಕಳುಹಿಸುತ್ತಿದ್ದೇವೆ. ದಂಡ ಬಂದರೆ ಬರಲಿ, ತಪ್ಪು ನಮ್ಮದೇ.

ನೀವು ಕೇಳಿದ ಪ್ರಶ್ನೆಗೆ ಉತ್ತರ ಕೊಡಲಾರೆ. ಸೋಮವಾರ ಅಧ್ಯಕ್ಷರೂ ಅದನ್ನೇ ಕೇಳಿದರು. ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು, ಆಮೇಲೆ ಸಭೆಯ ಮುಂದಿನ ವಿಷಯ ಎತ್ತಿಕೊಂಡರು.